ಹಂದಿಯ ಬೆಳವಣಿಗೆಯಲ್ಲಿ ರಕ್ತದ ಸಕ್ಕರೆ ಮತ್ತು ಇನ್ಸುಲಿನ್: ತಳಿಗಳ ಅಂತರವಿರುವುದೆಲ್ಲಿ?

ಒಂದೇ ಗೂಡಿನಲ್ಲಿ, ಒಂದೇ ತೊಟ್ಟಿಯ ಆಹಾರವನ್ನು ತಿಂದು ಬೆಳೆದ ಎರಡು ತಳಿಯ ಹಂದಿಗಳು ಆರೇಳು ತಿಂಗಳು ಕಳೆಯುವಷ್ಟರಲ್ಲಿ ಎರಡು ಬೇರೆ ಪ್ರಾಣಿಗಳಂತೆ ಕಾಣಬಹುದು. ಒಂದು ನೀಳವಾದ ಮೈಯನ್ನೂ ತುಂಬಿದ ತೊಡೆಯನ್ನೂ ಪಡೆದು 90 ಕಿಲೋಗ್ರಾಂ ತೂಕವನ್ನು ಸಮೀಪಿಸಿದರೆ, ಇನ್ನೊಂದು ಅದಕ್ಕಿಂತ ಬಹಳ ಹಗುರವಾಗಿದ್ದೂ ಬೆನ್ನಿನ ಮೇಲೆ ದಪ್ಪ ಕೊಬ್ಬನ್ನು ಹೊತ್ತಿರುತ್ತದೆ. ಇವೆರಡರ ರಕ್ತವನ್ನು ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿದರೆ ಸಕ್ಕರೆಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರ ಸಾಮಾನ್ಯವಾಗಿ ಕಾಣುವುದಿಲ್ಲ. ಅಂತರವಿರುವುದು ಆ ಸಕ್ಕರೆ ದೇಹದ ಯಾವ ಭಾಗಕ್ಕೆ ಹೋಗಿ ಸೇರುತ್ತದೆ ಎಂಬುದರಲ್ಲಿ. ಆ ದಾರಿಯನ್ನು ನಿರ್ಧರಿಸುವ ಸಂದೇಶವಾಹಕಗಳಲ್ಲಿ ಇನ್ಸುಲಿನ್ ಪ್ರಮುಖವಾದುದು.

ಹಂದಿಯನ್ನು ಸಾಕುವ ಕುಟುಂಬಗಳಿಗೆ ಈ ವಿಷಯ ನೇರವಾಗಿ ಸಂಬಂಧಿಸಿದೆ. ಸಾಕದವರಿಗೂ, ತಿನ್ನದವರಿಗೂ ಇದು ಸಂಬಂಧಿಸದೆ ಇಲ್ಲ. ಮಧುಮೇಹದಿಂದ ಬಳಲಿದ ಒಂದೆರಡು ತಲೆಮಾರಿನ ಮನುಷ್ಯರು ಹಂದಿಯ ಇನ್ಸುಲಿನ್ನಿನ ಬಲದಿಂದಲೇ ಬದುಕಿದ್ದರು; ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಪೋಷಣೆಯನ್ನು ಕುರಿತು ಇಂದು ನಮಗಿರುವ ಅರಿವಿನ ಒಂದು ಭಾಗ ಹಂದಿಮರಿಗಳ ಅಧ್ಯಯನದಿಂದ ಬಂದುದಾಗಿದೆ.

ಸಕ್ಕರೆಯ ಮೂರು ದಾರಿಗಳು

ಜೋಳ, ಅಕ್ಕಿ ತೌಡು, ಮರಗೆಣಸು ಮುಂತಾದ ಆಹಾರಗಳಲ್ಲಿರುವ ಪಿಷ್ಟವು ಸಣ್ಣ ಕರುಳಿನಲ್ಲಿ ಒಡೆದು ಗ್ಲೂಕೋಸ್ ಎಂಬ ಸರಳ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಹಂದಿಯ ಜಠರವು ಹಸುವಿನದರಂತೆ ನಾಲ್ಕು ಕೋಣೆಗಳುಳ್ಳದ್ದಲ್ಲ. ಮನುಷ್ಯನ ಜಠರದಂತೆ ಒಂದೇ ಚೀಲ. ಆದ್ದರಿಂದ ಆಹಾರ ಸೇವಿಸಿದ ಅಲ್ಪಕಾಲದಲ್ಲಿಯೇ ರಕ್ತದ ಸಕ್ಕರೆ ಏರುವುದು ಹಂದಿಯಲ್ಲಿಯೂ ನಮ್ಮಲ್ಲಿಯೂ ಒಂದೇ ಬಗೆ. ಉಪವಾಸದ ವೇಳೆಯಲ್ಲಿ ಆರೋಗ್ಯವಂತ ಹಂದಿಯ ರಕ್ತದ ಸಕ್ಕರೆಯೂ ಮನುಷ್ಯನದಕ್ಕೆ ಸಮೀಪವಾಗಿಯೇ ಇರುತ್ತದೆ.

ಸಕ್ಕರೆ ಏರಿದೊಡನೆ ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಈ ಹಾರ್ಮೋನು ರಕ್ತದ ಮೂಲಕ ದೇಹವನ್ನೆಲ್ಲ ಸುತ್ತಿ ಮುಖ್ಯವಾಗಿ ಮೂರು ಅಂಗಾಂಶಗಳಿಗೆ ಸಂದೇಶವನ್ನು ಮುಟ್ಟಿಸುತ್ತದೆ. ಯಕೃತ್ತಿಗೆ, ಹೊಸ ಸಕ್ಕರೆಯ ತಯಾರಿಕೆಯನ್ನು ನಿಲ್ಲಿಸಿ ಬಂದುದನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವಂತೆ ತಿಳಿಸುತ್ತದೆ. ಸ್ನಾಯುವಿಗೆ, ಸಕ್ಕರೆಯನ್ನೂ ಅಮೈನೋ ಆಮ್ಲಗಳನ್ನೂ ಒಳಗೆ ತೆಗೆದುಕೊಂಡು ಪ್ರೋಟೀನನ್ನು ಕಟ್ಟುವಂತೆ ತಿಳಿಸುತ್ತದೆ. ಕೊಬ್ಬಿನ ಅಂಗಾಂಶಕ್ಕೆ, ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸಿ ಸಂಗ್ರಹಿಸುವಂತೆಯೂ ಈಗಾಗಲೇ ಇರುವ ಕೊಬ್ಬನ್ನು ಕರಗಿಸದಂತೆಯೂ ತಿಳಿಸುತ್ತದೆ.

ಇಲ್ಲಿ ಹಂದಿಯ ಒಂದು ವಿಶೇಷವನ್ನು ಗಮನಿಸಬೇಕು. ಕೋಳಿಯಲ್ಲಿಯೂ ಮನುಷ್ಯನಲ್ಲಿಯೂ ಸಕ್ಕರೆಯಿಂದ ಕೊಬ್ಬನ್ನು ತಯಾರಿಸುವ ಕೆಲಸ ಹೆಚ್ಚಾಗಿ ಯಕೃತ್ತಿನಲ್ಲಿ ನಡೆಯುತ್ತದೆ. ಹಂದಿಯಲ್ಲಿ ಅದು ಕೊಬ್ಬಿನ ಅಂಗಾಂಶದಲ್ಲಿಯೇ ನಡೆಯುತ್ತದೆ, ಮತ್ತು ಅದಕ್ಕೆ ಬೇಕಾದ ಕಚ್ಚಾವಸ್ತು ಮುಖ್ಯವಾಗಿ ಗ್ಲೂಕೋಸ್. ಹಸು, ಆಡು, ಕುರಿಗಳಲ್ಲಿ ಈ ಕಚ್ಚಾವಸ್ತು ಬೇರೆ. ಅವು ಹೊಟ್ಟೆಯ ಸೂಕ್ಷ್ಮಜೀವಿಗಳು ಒದಗಿಸುವ ಅಸಿಟೇಟನ್ನು ಬಳಸುತ್ತವೆ. ಪಿಷ್ಟ ಹೆಚ್ಚಾದ ಆಹಾರದಿಂದ ಹಂದಿಯ ಬೆನ್ನಿನ ಕೊಬ್ಬು ಸುಲಭವಾಗಿ ದಪ್ಪವಾಗುವುದಕ್ಕೆ ಇದೇ ಕಾರಣ.

ಹುಟ್ಟಿದ ಮೊದಲ ರಾತ್ರಿ

ಹಂದಿಯ ಬದುಕಿನಲ್ಲಿ ರಕ್ತದ ಸಕ್ಕರೆಯು ಸಾವುಬದುಕಿನ ಪ್ರಶ್ನೆಯಾಗುವುದು ಹುಟ್ಟಿದ ಮೊದಲ ಒಂದೆರಡು ದಿನಗಳಲ್ಲಿ. ಸುಮಾರು 1.2ರಿಂದ 1.5 ಕಿಲೋಗ್ರಾಂ ತೂಕದ ಹಂದಿಮರಿ ಹುಟ್ಟುವಾಗ ಅದರ ದೇಹದಲ್ಲಿರುವ ಕೊಬ್ಬು ಶೇಕಡಾ 1ರಿಂದ 2 ಮಾತ್ರ. ಮನುಷ್ಯ ಶಿಶುವಿನಲ್ಲಿ ಮೈಯನ್ನು ಬೆಚ್ಚಗಿಡುವ ಕಂದು ಕೊಬ್ಬು ಇರುತ್ತದೆ. ಹಂದಿಮರಿಯಲ್ಲಿ ಅದು ಇಲ್ಲ. ಆ ಕೊಬ್ಬಿನಿಂದ ಶಾಖವನ್ನು ಹೊರಡಿಸಲು ಬೇಕಾದ ವಂಶವಾಹಿಯೇ ಹಂದಿಯ ಪೂರ್ವಜರಲ್ಲಿ ಲಕ್ಷಾಂತರ ವರ್ಷಗಳ ಹಿಂದೆ ಕೆಟ್ಟುಹೋಗಿದೆ. ಹೀಗಾಗಿ ಮರಿಯು ನಡುಗಿಯೇ ಶಾಖವನ್ನು ಪಡೆಯಬೇಕು. ನಡುಕಕ್ಕೆ ಬೇಕಾದ ಇಂಧನವೆಂದರೆ ಯಕೃತ್ತು ಮತ್ತು ಸ್ನಾಯುಗಳಲ್ಲಿ ತಾಯಿಯ ಗರ್ಭದಲ್ಲಿದ್ದಾಗಲೇ ಕೂಡಿಟ್ಟ ಗ್ಲೈಕೋಜನ್. ಅದೂ ಒಂದು ದಿನಕ್ಕೆ ಸಾಲುವಷ್ಟಿರುವುದಿಲ್ಲ.

ಆ ಅವಧಿಯಲ್ಲಿ ಗಿಣ್ಣುಹಾಲು ದೊರೆಯದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮರಿ ಮೊದಲು ತೂರಾಡುತ್ತದೆ, ಮೈ ತಣ್ಣಗಾಗುತ್ತದೆ, ಬಳಿಕ ಮಲಗಿದಲ್ಲಿಯೇ ಕಾಲು ಬಡಿದು ಪ್ರಜ್ಞೆ ತಪ್ಪುತ್ತದೆ. ಚಳಿಯಿಂದ ಜಡವಾದ ಮರಿ ಮೊಲೆಯನ್ನು ತಲುಪಲಾರದು. ಮೊಲೆಯನ್ನು ತಲುಪದ ಮರಿಗೆ ಚಳಿ ಇನ್ನಷ್ಟು ಹೆಚ್ಚುತ್ತದೆ. ತಾಯಿಯ ಮೈಕೆಳಗೆ ಸಿಕ್ಕಿ ಸತ್ತವೆಂದು ಲೆಕ್ಕಕ್ಕೆ ಸೇರುವ ಮರಿಗಳಲ್ಲಿ ಹಲವು ಮೊದಲೇ ಸಕ್ಕರೆ ಕುಸಿದು, ಎದ್ದು ಸರಿಯಲಾರದೆ ಬಿದ್ದಿದ್ದಂಥವು. ತಾಯಿ ಹಂದಿಗೆ ಹಿತವೆನಿಸುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ, ಹೊಸ ಮರಿಗೆ 32ರಿಂದ 35 ಡಿಗ್ರಿ ಬೇಕಾಗುತ್ತದೆ. ಗೂಡಿನ ಒಂದು ಮೂಲೆಯಲ್ಲಿ ಒಣಹುಲ್ಲು ಹಾಸಿ ಬಲ್ಬಿನ ಶಾಖವನ್ನು ಒದಗಿಸುವುದು, ದುರ್ಬಲ ಮರಿಗಳನ್ನು ಮೊದಲ ಕೆಲವು ಗಂಟೆಗಳಲ್ಲಿಯೇ ಮೊಲೆಗೆ ಹಚ್ಚುವುದು, ಇವೆರಡೂ ರಕ್ತದ ಸಕ್ಕರೆಯನ್ನು ಕಾಪಾಡುವ ಉಪಾಯಗಳೇ ಆಗಿವೆ. ಪ್ರಜ್ಞೆ ತಪ್ಪುತ್ತಿರುವ ಮರಿಗೆ ಗ್ಲೂಕೋಸ್ ದ್ರಾವಣವನ್ನು ನೀಡುವುದು ಪಶುವೈದ್ಯರ ಕೆಲಸ.

ಒಂದೆರಡು ವಾರ ದಾಟಿದ ಮರಿಯ ಯಕೃತ್ತು ಸ್ವತಃ ಸಕ್ಕರೆಯನ್ನು ತಯಾರಿಸುವ ಸಾಮರ್ಥ್ಯವನ್ನು ಚೆನ್ನಾಗಿ ಪಡೆದಿರುತ್ತದೆ. ಅನಂತರ ಅದೇ ಹಂದಿ ದಿನಗಟ್ಟಲೆ ಉಪವಾಸವಿದ್ದರೂ ರಕ್ತದ ಸಕ್ಕರೆ ಅಷ್ಟು ಸುಲಭವಾಗಿ ಕುಸಿಯುವುದಿಲ್ಲ.

ಎಳೆಯ ಸ್ನಾಯು ಇನ್ಸುಲಿನ್ನಿಗೆ ಹೆಚ್ಚು ಕಿವಿಗೊಡುತ್ತದೆ

ಹಾಲು ಕುಡಿಯುವ ಮರಿಯ ಸ್ನಾಯು ಬೆಳೆಯುವ ವೇಗ ಅದರ ಮುಂದಿನ ಬದುಕಿನಲ್ಲಿ ಮತ್ತೆಂದೂ ಇರುವುದಿಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ಮಕ್ಕಳ ಪೋಷಣೆಯ ಸಂಶೋಧನಾ ಕೇಂದ್ರದಲ್ಲಿ ತೆರೆಸಾ ಡೇವಿಸ್ ಮತ್ತು ಸಂಗಡಿಗರು ಇದರ ಕಾರಣವನ್ನು ಹುಡುಕಿದರು. ಒಂದು ವಾರದ ಮರಿಗಳಲ್ಲಿ ಇನ್ಸುಲಿನ್ ಏರಿದಾಗ ಸ್ನಾಯುವಿನ ಪ್ರೋಟೀನ್ ತಯಾರಿಕೆ ಗಮನಾರ್ಹವಾಗಿ ಹೆಚ್ಚಿತು. ನಾಲ್ಕನೆಯ ವಾರವನ್ನು ಸಮೀಪಿಸಿದ ಮರಿಗಳಲ್ಲಿ ಅದೇ ಪ್ರಮಾಣದ ಇನ್ಸುಲಿನ್ ಅಷ್ಟು ಪರಿಣಾಮವನ್ನು ಬೀರಲಿಲ್ಲ. ಅಂದರೆ ವಯಸ್ಸಿನೊಂದಿಗೆ ಬದಲಾದುದು ಸಂದೇಶವಲ್ಲ, ಅದನ್ನು ಕೇಳುವ ಸ್ನಾಯುವಿನ ಗ್ರಹಣಶಕ್ತಿ.

ಅದೇ ಅಧ್ಯಯನಗಳು ಇನ್ನೊಂದು ಸಂಗತಿಯನ್ನೂ ತೋರಿಸಿದವು. ಪ್ರತಿ ಊಟದ ಬಳಿಕ ಇನ್ಸುಲಿನ್ನಿನೊಂದಿಗೆ ಅಮೈನೋ ಆಮ್ಲಗಳೂ, ವಿಶೇಷವಾಗಿ ಲ್ಯೂಸಿನ್ ಎಂಬುದು, ರಕ್ತದಲ್ಲಿ ಏರುತ್ತವೆ. ಇವೆರಡೂ ತಮ್ಮ ತಮ್ಮ ದಾರಿಯಲ್ಲಿ ಸ್ನಾಯುವಿಗೆ ಕಟ್ಟುವ ಆಜ್ಞೆಯನ್ನು ನೀಡುತ್ತವೆ. ಅಕಾಲದಲ್ಲಿ ಹುಟ್ಟಿ ನಳಿಕೆಯ ಮೂಲಕ ಆಹಾರ ಪಡೆಯುವ ಶಿಶುಗಳಿಗೆ ಹಾಲನ್ನು ನಿರಂತರವಾಗಿ ತೊಟ್ಟಿಕ್ಕಿಸುವುದು ಲೇಸೋ, ಬಿಡುವು ಕೊಟ್ಟು ಊಟದಂತೆ ನೀಡುವುದು ಲೇಸೋ ಎಂಬ ಪ್ರಶ್ನೆಯನ್ನು ಹಂದಿಮರಿಗಳ ಮೇಲೆ ಪರೀಕ್ಷಿಸಿದಾಗ, ಬಿಡುವು ಕೊಟ್ಟು ನೀಡಿದ ಊಟವೇ ಸ್ನಾಯುವಿನ ಬೆಳವಣಿಗೆಗೆ ಹೆಚ್ಚು ಅನುಕೂಲವೆಂದು ಕಂಡುಬಂದಿತು.

ಇನ್ಸುಲಿನ್ ಚುಚ್ಚಿದರೆ ಹಂದಿ ಬೇಗ ಬೆಳೆಯುವುದೇ?

ಇಷ್ಟನ್ನು ಓದಿದ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಳೆಯುವುದು ಸಹಜ. ಬೆಳೆಯುವುದಿಲ್ಲ ಎಂಬುದೇ ಉತ್ತರ. ಹೊರಗಿನಿಂದ ಇನ್ಸುಲಿನ್ ನೀಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಪ್ರಾಣಿ ಸಾಯಬಹುದು. ಇನ್ಸುಲಿನ್ ಕಟ್ಟುವ ಆಜ್ಞೆಯನ್ನು ನೀಡಬಲ್ಲದೇ ಹೊರತು ಇಟ್ಟಿಗೆಯನ್ನು ಒದಗಿಸಲಾರದು. ಆ ಇಟ್ಟಿಗೆಗಳು ಅಮೈನೋ ಆಮ್ಲಗಳು. ಧಾನ್ಯಗಳನ್ನೇ ನೆಚ್ಚಿದ ಹಂದಿಯ ಆಹಾರದಲ್ಲಿ ಮೊದಲು ಕೊರತೆ ಬೀಳುವುದು ಲೈಸಿನ್ ಎಂಬ ಅಮೈನೋ ಆಮ್ಲ. ಲೈಸಿನ್ ಸಾಲದಾದಾಗ ಸ್ನಾಯು ಬೆಳೆಯಲಾರದೆ ನಿಲ್ಲುತ್ತದೆ. ಉಳಿದ ಸಕ್ಕರೆ ಕೊಬ್ಬಿನ ದಾರಿಯನ್ನು ಹಿಡಿಯುತ್ತದೆ.

ಬೆಳವಣಿಗೆಯ ಹಾರ್ಮೋನಿನ ಕಥೆಯೂ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಈ ಹಾರ್ಮೋನು ಯಕೃತ್ತನ್ನು ಪ್ರಚೋದಿಸಿ, ರಚನೆಯಲ್ಲಿ ಇನ್ಸುಲಿನ್ನನ್ನು ಹೋಲುವ ಬೆಳವಣಿಗೆ ಅಂಶ-1 ಎಂಬ ಪ್ರೋಟೀನನ್ನು ಬಿಡುಗಡೆ ಮಾಡಿಸುತ್ತದೆ. ಆದರೆ ಹಸಿದ ಪ್ರಾಣಿಯ ಯಕೃತ್ತು ಈ ಪ್ರಚೋದನೆಗೆ ಸರಿಯಾಗಿ ಓಗೊಡುವುದಿಲ್ಲ. ಹೊಟ್ಟೆ ತುಂಬಿದೆ ಎಂಬ ಇನ್ಸುಲಿನ್ನಿನ ಸೂಚನೆ ಅದಕ್ಕೆ ಬೇಕು. ಅರೆಹೊಟ್ಟೆಯ ಹಂದಿಯಲ್ಲಿ ಬೆಳವಣಿಗೆಯ ಹಾರ್ಮೋನು ಸಾಕಷ್ಟಿದ್ದರೂ ಮೈ ಬೆಳೆಯದಿರುವುದು ಈ ಕಾರಣದಿಂದಲೇ.

1980ರ ದಶಕದಲ್ಲಿ ಹಂದಿಗಳಿಗೆ ಬೆಳವಣಿಗೆಯ ಹಾರ್ಮೋನನ್ನು ಪ್ರತಿದಿನ ಚುಚ್ಚಿ ನೋಡಿದ ಪ್ರಯೋಗಗಳಲ್ಲಿ ಸ್ನಾಯು ಹೆಚ್ಚಿತು, ಕೊಬ್ಬು ಬಹಳವಾಗಿ ತಗ್ಗಿತು. ಆಗ ರಕ್ತದಲ್ಲಿ ಸಕ್ಕರೆಯೂ ಇನ್ಸುಲಿನ್ನೂ ಏರಿದ್ದವು. ಇನ್ಸುಲಿನ್ ಏರಿದರೂ ಕೊಬ್ಬು ತಗ್ಗಿದುದೇಕೆ? ಬೆಳವಣಿಗೆಯ ಹಾರ್ಮೋನು ಕೊಬ್ಬಿನ ಅಂಗಾಂಶವು ಇನ್ಸುಲಿನ್ನಿಗೆ ಓಗೊಡದಂತೆ ಮಾಡಿತ್ತು. ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎಂಬುದಕ್ಕಿಂತ ಅಂಗಾಂಶ ಅದಕ್ಕೆ ಎಷ್ಟು ಓಗೊಡುತ್ತದೆ ಎಂಬುದೇ ಮುಖ್ಯವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಅದೇ ದಶಕದಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೆಳವಣಿಗೆಯ ಹಾರ್ಮೋನಿನ ಹೊರಗಿನ ವಂಶವಾಹಿಯನ್ನೇ ಸೇರಿಸಿ ಹುಟ್ಟಿಸಿದ ಹಂದಿಗಳಲ್ಲಿ ಕೊಬ್ಬು ತಗ್ಗಿತಾದರೂ ಕೀಲುಬೇನೆ, ಜಠರದ ಹುಣ್ಣು, ಜಡತೆಗಳು ಕಾಣಿಸಿಕೊಂಡವು. ಒಂದೇ ಹಾರ್ಮೋನನ್ನು ಎಡೆಬಿಡದೆ ಹೆಚ್ಚಿಸಿದ ಬೆಲೆಯನ್ನು ಆ ಪ್ರಾಣಿಗಳು ತೆತ್ತವು.

ಮೂರು ತಳಿಗಳು, ಮೂರು ಪಾಠಗಳು

ಹ್ಯಾಂಪ್‌ಶೈರ್: ಕಪ್ಪು ಮೈಯ ಮೇಲೆ ಹೆಗಲನ್ನು ಬಳಸಿ ಬಿಳಿಯ ಪಟ್ಟಿಯಿರುವ ಈ ತಳಿಯ ಹಲವು ಹಂದಿಗಳ ಸ್ನಾಯುವಿನಲ್ಲಿ ಗ್ಲೈಕೋಜನ್ ಸಂಗ್ರಹವು ಸಾಮಾನ್ಯಕ್ಕಿಂತ ಸುಮಾರು ಶೇಕಡಾ 70ರಷ್ಟು ಹೆಚ್ಚಾಗಿರುತ್ತದೆ. ಜೀವಕೋಶದಲ್ಲಿ ಇಂಧನ ಎಷ್ಟಿದೆಯೆಂದು ಅಳೆಯುವ ಕಿಣ್ವವೊಂದರ ವಂಶವಾಹಿಯಲ್ಲಿ ಆದ ಒಂದೇ ಅಕ್ಷರದ ಬದಲಾವಣೆ ಇದಕ್ಕೆ ಕಾರಣವೆಂದು 2000ದಲ್ಲಿ ಪತ್ತೆಯಾಯಿತು. ಬದುಕಿರುವಾಗ ಈ ಸಂಗ್ರಹದಿಂದ ಹಂದಿಗೆ ತೊಂದರೆಯಿಲ್ಲ. ವಧೆಯ ಬಳಿಕ ಆ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು ಮಾಂಸ ಹುಳಿಯಾಗುತ್ತದೆ, ನೀರನ್ನು ಹಿಡಿದಿಡಲಾರದೆ ಸೊರಗುತ್ತದೆ. ಸ್ನಾಯುವಿಗೆ ಸಕ್ಕರೆ ಹೆಚ್ಚು ಹೋಗುವುದೆಲ್ಲವೂ ಲಾಭವಲ್ಲವೆಂಬುದು ಮೊದಲ ಪಾಠ.

ಲಾರ್ಜ್ ವೈಟ್ ಮತ್ತು ಪಿಯೆತ್ರೇನ್: ಯುರೋಪಿನ ಕಾಡುಹಂದಿಗೂ ಲಾರ್ಜ್ ವೈಟ್ ತಳಿಗೂ ಹುಟ್ಟಿದ ಅಡ್ಡತಳಿಗಳನ್ನು ಸ್ವೀಡನ್ನಿನಲ್ಲಿಯೂ, ಪಿಯೆತ್ರೇನ್ ಮತ್ತು ಲಾರ್ಜ್ ವೈಟ್ ಅಡ್ಡತಳಿಗಳನ್ನು ಬೆಲ್ಜಿಯಂನಲ್ಲಿಯೂ ಅಧ್ಯಯನ ಮಾಡಿದ ವಿಜ್ಞಾನಿಗಳು 2003ರಲ್ಲಿ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಇನ್ಸುಲಿನ್ನಿನ ಮತ್ತೊಂದು ದಾಯಾದಿಯಾದ ಬೆಳವಣಿಗೆ ಅಂಶ-2ರ ವಂಶವಾಹಿಯ ನಿಯಂತ್ರಣ ಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರಿಂದ, ಹುಟ್ಟಿದ ನಂತರವೂ ಸ್ನಾಯುವಿನಲ್ಲಿ ಆ ಅಂಶದ ತಯಾರಿಕೆಯ ಆಜ್ಞೆ ಮೂರು ಪಟ್ಟು ಹೆಚ್ಚಾಗಿತ್ತು. ಫಲವಾಗಿ ಮಾಂಸ ಶೇಕಡಾ 3ರಿಂದ 4ರಷ್ಟು ಹೆಚ್ಚಿ ಬೆನ್ನಿನ ಕೊಬ್ಬು ತಗ್ಗಿತು. ಆ ವಂಶವಾಹಿಗೆ ಕಡಿವಾಣ ಹಾಕುವ ಪ್ರೋಟೀನೊಂದು ಬದಲಾದ ಜಾಗದಲ್ಲಿ ಹಿಡಿತವನ್ನು ಕಳೆದುಕೊಳ್ಳುವುದೇ ಇದರ ಮರ್ಮವೆಂದು 2009ರಲ್ಲಿ ತಿಳಿದುಬಂದಿತು. ಕುತೂಹಲದ ಸಂಗತಿಯೆಂದರೆ, ಈ ವಂಶವಾಹಿಯಲ್ಲಿ ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ತಾಯಿಯಿಂದ ಬಂದುದು ಮೌನವಾಗಿರುತ್ತದೆ. ಹೀಗಾಗಿ ಮರಿಯ ಈ ಗುಣವನ್ನು ನಿರ್ಧರಿಸುವುದು ಗಂಡುಹಂದಿಯ ಆಯ್ಕೆ. ಬೆಳವಣಿಗೆಯ ಅಂತರ ರಕ್ತದ ಸಕ್ಕರೆಯಲ್ಲಿರದೆ ಸ್ನಾಯುವಿನೊಳಗಿನ ಆಜ್ಞೆಯಲ್ಲಿರಬಲ್ಲದು ಎಂಬುದು ಎರಡನೆಯ ಪಾಠ.

ಓಸಬಾ: ಅಮೆರಿಕದ ಜಾರ್ಜಿಯಾ ತೀರದ ಓಸಬಾ ಎಂಬ ದ್ವೀಪದಲ್ಲಿ ಸ್ಪೇನಿನವರು ತಂದ ಹಂದಿಗಳ ಸಂತತಿಯೆಂದು ಭಾವಿಸಲಾದ ಕಾಡುಬಿದ್ದ ಹಂದಿಗಳಿವೆ. ಅಲ್ಲಿ ಕೆಲವು ತಿಂಗಳು ಆಹಾರ ಹೇರಳ, ಕೆಲವು ತಿಂಗಳು ಬರ. ಸಿಕ್ಕಾಗ ಕೊಬ್ಬಾಗಿ ಕೂಡಿಟ್ಟುಕೊಂಡ ಹಂದಿಗಳೇ ಉಳಿದು ವಂಶ ಬೆಳೆಸಿದವು. ಇಂಥ ಹಂದಿಯನ್ನು ಗೂಡಿನಲ್ಲಿಟ್ಟು ಕೊಬ್ಬು, ಸಕ್ಕರೆ ಹೆಚ್ಚಿರುವ ಆಹಾರವನ್ನು ಯಥೇಚ್ಛವಾಗಿ ನೀಡಿದಾಗ ಅದರ ಅಂಗಾಂಶಗಳು ಇನ್ಸುಲಿನ್ನಿಗೆ ಸರಿಯಾಗಿ ಓಗೊಡದಾಗುತ್ತವೆ. ಬೊಜ್ಜು, ರಕ್ತದೊತ್ತಡ, ಹೃದಯದ ರಕ್ತನಾಳಗಳ ರೋಗ ಕಾಣಿಸಿಕೊಳ್ಳುತ್ತವೆ. ಹೀಗಿದ್ದರೂ ಮೇದೋಜೀರಕವು ಹೆಚ್ಚು ಹೆಚ್ಚು ಇನ್ಸುಲಿನ್ ಸ್ರವಿಸಿ ಸರಿದೂಗಿಸುವುದರಿಂದ ರಕ್ತದ ಸಕ್ಕರೆ ಬಹುಕಾಲ ಹತೋಟಿಯಲ್ಲಿಯೇ ಇರುತ್ತದೆ. ಸಕ್ಕರೆಯ ಅಂಕಿ ಸರಿಯಿದ್ದ ಮಾತ್ರಕ್ಕೆ ಒಳಗಿನದೆಲ್ಲವೂ ಸರಿಯಿದೆಯೆಂದು ಹೇಳಲಾಗದು ಎಂಬ ಈ ಮೂರನೆಯ ಪಾಠ ನಮಗೂ ಅನ್ವಯಿಸುತ್ತದೆ.

51ರಲ್ಲಿ 50: ಹಂದಿಯ ಋಣ

ಇನ್ಸುಲಿನ್ 51 ಅಮೈನೋ ಆಮ್ಲಗಳ ಒಂದು ಚಿಕ್ಕ ಪ್ರೋಟೀನು. 21ರ ಒಂದು ಸರಪಳಿ, 30ರ ಇನ್ನೊಂದು ಸರಪಳಿ. ಹಂದಿಯ ಇನ್ಸುಲಿನ್ನಿಗೂ ಮನುಷ್ಯನದಕ್ಕೂ ಇರುವ ಅಂತರ ಎರಡನೆಯ ಸರಪಳಿಯ ಕೊನೆಯ ಒಂದೇ ಒಂದು ಅಮೈನೋ ಆಮ್ಲದಲ್ಲಿ. ಹಸುವಿನದರಲ್ಲಿ ಮೂರು ಅಂತರಗಳಿವೆ.

ಕೆನಡಾದ ಟೊರಾಂಟೊ ನಗರದಲ್ಲಿ 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಜಾನ್ ಮೆಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ಮೇದೋಜೀರಕದ ಸಾರವನ್ನು ತೆಗೆದರು. 1922ರ ಜನವರಿಯಲ್ಲಿ ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನಿಗೆ, ಜೇಮ್ಸ್ ಕಾಲಿಪ್ ಅವರು ಶುದ್ಧಗೊಳಿಸಿದ ಸಾರವನ್ನು ನೀಡಿದಾಗ ಅವನ ರಕ್ತದ ಸಕ್ಕರೆ ಇಳಿದು ಅವನು ಚೇತರಿಸಿಕೊಂಡನು. ಅದಕ್ಕೆ ಮುನ್ನ ಬಾಲ್ಯದಲ್ಲಿ ಬರುವ ಮಧುಮೇಹಕ್ಕೆ ಚಿಕಿತ್ಸೆಯೆಂದರೆ ಅರೆಹೊಟ್ಟೆಯ ಪಥ್ಯ, ಅದರ ಕೊನೆ ಸಾವು. ಮುಂದೆ ಹಲವು ದಶಕಗಳ ಕಾಲ ಕಸಾಯಿಖಾನೆಗಳಿಂದ ಸಂಗ್ರಹಿಸಿದ ಹಂದಿ ಮತ್ತು ದನಗಳ ಮೇದೋಜೀರಕಗಳಿಂದಲೇ ಲೋಕದ ಇನ್ಸುಲಿನ್ ತಯಾರಾಯಿತು. ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದುದು 1982ರಲ್ಲಿ. ಇಂದು ಶಾಲೆಯ ಚೀಲದಲ್ಲಿ ಇನ್ಸುಲಿನ್ ಪೆನ್ನನ್ನು ಇಟ್ಟುಕೊಂಡು ಬರುವ ಮಗುವಿನ ಔಷಧಿ ಹಂದಿಯಿಂದ ಬಂದುದಲ್ಲ. ಆದರೆ ಆ ಔಷಧಿಯ ಇತಿಹಾಸದಲ್ಲಿ ಹಂದಿಯ ಪಾಲು ದೊಡ್ಡದು.

ನಮ್ಮ ಕಡೆಯ ಸಾಕಣೆಗೆ ಇದರ ಅನ್ವಯ

ವಯನಾಡಿನ ಹಂದಿ ಸಾಕಣೆಯಲ್ಲಿ ಲಾರ್ಜ್ ವೈಟ್ ಯಾರ್ಕ್‌ಶೈರ್, ಲ್ಯಾಂಡ್ರೇಸ್, ಡ್ಯೂರಾಕ್ ತಳಿಗಳೂ ಅವುಗಳ ಅಡ್ಡತಳಿಗಳೂ ಪರಿಚಿತ. ಗೋವೆಯ ಕಾಣಕೋಣ ತಾಲೂಕಿನ ಅಗೊಂದ ಗ್ರಾಮದ ಹೆಸರನ್ನು ಹೊತ್ತ ಅಗೊಂದ ಗೋವನ್ ಎಂಬ ನಾಟಿ ತಳಿಯು ದೇಶದ ನೋಂದಾಯಿತ ಹಂದಿ ತಳಿಗಳಲ್ಲಿ ಒಂದು. ಮೊದಲಿನವು ಸ್ನಾಯುವನ್ನು ವೇಗವಾಗಿ ಕಟ್ಟುವಂತೆ ತಲೆಮಾರುಗಳಿಂದ ಆಯ್ದು ಬೆಳೆಸಿದವು. ನಾಟಿ ಹಂದಿಗಳು ಸಿಕ್ಕಿದ್ದನ್ನು ತಿಂದು ಬದುಕಿ ಬಂದವು. ಹೋಟೆಲಿನ ಮುಸುರೆ, ಅನ್ನದ ಉಳಿಕೆಗಳನ್ನಷ್ಟೇ ನೀಡಿ ವಿದೇಶಿ ತಳಿಯಿಂದ ಹೆಚ್ಚು ಮಾಂಸವನ್ನು ನಿರೀಕ್ಷಿಸುವವರು ನಿರಾಶರಾಗುವುದು ಸಾಮಾನ್ಯ. ಪಿಷ್ಟವಿದ್ದು ಲೈಸಿನ್ ಇಲ್ಲದ ಆಹಾರದಿಂದ ಇನ್ಸುಲಿನ್ ಏರುತ್ತದೆ, ಕೊಬ್ಬು ಬೆಳೆಯುತ್ತದೆ, ಸ್ನಾಯು ಹಿಂದುಳಿಯುತ್ತದೆ. ಸೋಯಾ ಹಿಂಡಿ, ಮೀನಿನ ಪುಡಿಗಳಂಥ ಪ್ರೋಟೀನ್ ಮೂಲಗಳು ಜೊತೆಗೂಡಿದಾಗ ಮಾತ್ರ ತಳಿಯ ಗುಣ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಮುಸುರೆಯನ್ನು ನೀಡುವವರು, ಹಂದಿಜ್ವರದಂಥ ರೋಗಗಳು ಹರಡದಂತೆ, ಅದನ್ನು ಚೆನ್ನಾಗಿ ಕುದಿಸಿಯೇ ನೀಡಬೇಕು.

ವಯಸ್ಸಿನ ಲೆಕ್ಕವೂ ಮುಖ್ಯ. ಎಳೆಯ ಹಂದಿ ತಿಂದುದನ್ನು ಹೆಚ್ಚಾಗಿ ಸ್ನಾಯುವಾಗಿಸುತ್ತದೆ. ಬಲಿತ ಹಂದಿಯಲ್ಲಿ ಸ್ನಾಯುವಿನ ಬೆಳವಣಿಗೆ ಮಿತಿಯನ್ನು ಮುಟ್ಟಿ, ಹೆಚ್ಚುವರಿ ಆಹಾರವೆಲ್ಲ ಕೊಬ್ಬಾಗುತ್ತದೆ. ಆದುದರಿಂದ ಒಳ್ಳೆಯ ಪ್ರೋಟೀನಿಗೆ ಮಾಡುವ ಖರ್ಚು ಮರಿಯ ಕಾಲದಲ್ಲಿಯೇ ಹೆಚ್ಚು ಫಲ ನೀಡುತ್ತದೆ. ಮಾರಾಟದ ತೂಕ ಬಂದ ಮೇಲೂ ಹಂದಿಯನ್ನು ಉಳಿಸಿಕೊಂಡರೆ, ಮುಂದೆ ಸುರಿದ ಆಹಾರ ಬೆನ್ನಿನ ಕೊಬ್ಬಾಗಿಯೇ ಮರಳಿ ಬರುತ್ತದೆ. ಇಷ್ಟೆಲ್ಲ ಲೆಕ್ಕಾಚಾರವೂ ಮೊದಲ ರಾತ್ರಿಯನ್ನು ದಾಟಿ ಬಂದ ಮರಿಗಳಿಗೆ ಮಾತ್ರ ಅನ್ವಯಿಸುತ್ತದೆ. ಬೆಚ್ಚನೆಯ ಮೂಲೆಯೂ ಸಕಾಲದ ಗಿಣ್ಣುಹಾಲೂ ದೊರೆಯದಿದ್ದರೆ, ಎಷ್ಟೇ ಬೆಲೆಯ ತಳಿಯ ಮರಿಯಾದರೂ ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತದೆ.